ಬೆಕ್ಕಿನ ಉಗುರು ಮತ್ತು ಹೊಸ ಮನೆಯ ಸೋಫಾ

ಮಲೆನಾಡಿನ ಮನೆಗಳಲ್ಲಿ ಬೆಕ್ಕಿನ ಉಗುರು ಒಂದು ತೊಂದರೆಯಾಗಿ ಎಣಿಕೆಗೆ ಬಂದದ್ದು ತೀರ ಈಚೆಗೆ. ಹಂಚಿನ ಮನೆ, ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಅಟ್ಟದ ಮೇಲೆ ಅಡಿಕೆ, ಪಡಸಾಲೆಯ ಒಂದು ಬದಿಗೆ ಪೇರಿಸಿಟ್ಟ ಗೋಣಿಚೀಲಗಳು ಇದ್ದ ಕಾಲದಲ್ಲಿ ಬೆಕ್ಕನ್ನು ಸಾಕುತ್ತಿದ್ದುದೇ ಅದರ ಹಲ್ಲು ಉಗುರುಗಳನ್ನು ನಂಬಿ. ಇಲಿ ಹಿಡಿಯದ ಬೆಕ್ಕಿಗೆ ಹಾಲು ಹಾಕುವುದು ದಂಡವೆಂದು ಗೊಣಗುತ್ತಲೇ ಹಾಕುತ್ತಿದ್ದ ಹಿರಿಯರು, ಅದು ಬೀಟೆಯ ಕಂಬವನ್ನು ಪರಚಿದರೆ ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ಕಂಬ ತಾತನ ಕಾಲದಿಂದ ನಿಂತಿತ್ತು. ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ ಎಂಬ ಭರವಸೆ ಎಲ್ಲರಿಗೂ ಇತ್ತು. ಕಂಬ ಬೇಸರವಾದ ದಿನ ಬೆಕ್ಕಿಗೆ ಹಿತ್ತಲ ಹಲಸಿನ ಮರವಿತ್ತು, ಮೆಣಸಿನ ಬಳ್ಳಿ ಹಬ್ಬಿದ ಹಾಲುವಾಣವಿತ್ತು, ಖಾಲಿ ಚೀಲಗಳ ರಾಶಿಯಿತ್ತು.

ಚಿಕ್ಕಮಗಳೂರು ಪಟ್ಟಣದ ಸುತ್ತ ಈಗ ಎದ್ದಿರುವ ಬಡಾವಣೆಗಳ ಮನೆಗಳಲ್ಲಿ ಇವು ಯಾವುವೂ ಇಲ್ಲ. ನೆಲಕ್ಕೆ ಜಾರುವ ಟೈಲ್ಸ್, ಬಾಗಿಲಿಗೆ ನುಣುಪಾದ ಲ್ಯಾಮಿನೇಟ್, ಕಿಟಕಿಗೆ ಸೊಳ್ಳೆಪರದೆ, ನಡುಮನೆಯಲ್ಲಿ ಸಾಲದ ಕಂತು ಇನ್ನೂ ಮುಗಿಯದ ಸೋಫಾ. ಬೆಕ್ಕೂ ಬದಲಾಗಿದೆ. ತೋಟದ ಕೆಲಸಗಾರರ ಲೈನ್ ಮನೆಯಿಂದ ಚೀಲದಲ್ಲಿ ತಂದ ಮರಿಯ ಬದಲು, ಬೆಂಗಳೂರಿನಿಂದ ಹಣ ಕೊಟ್ಟು ತಂದ ಪರ್ಷಿಯನ್ ಜಾತಿಯ ಮರಿ ಬುಟ್ಟಿಯಲ್ಲಿ ಬಂದಿಳಿಯುತ್ತದೆ. ಬೀದಿನಾಯಿಗಳಿಗೂ ವಾಹನಗಳಿಗೂ ಹೆದರಿ ಅದನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಹಾಗೆ ಬಿಡದಿರುವುದು ಸರಿಯೇ. ಆದರೆ ಮನೆಯೊಳಗೆ ಅದರ ಉಗುರಿಗೆ ಹಿಡಿತ ಕೊಡುವ ವಸ್ತು ಆ ಸೋಫಾ ಒಂದೇ ಆದಾಗ ಮುಂದೇನಾಗುತ್ತದೆ ಎಂಬುದನ್ನು ಯಾರೂ ಮೊದಲೇ ಯೋಚಿಸಿರುವುದಿಲ್ಲ.

ನನ್ನ ಚಿಕ್ಕಮ್ಮನ ಮಗಳು ಕಡೂರು ರಸ್ತೆಯ ಕಡೆಯ ಇಂಥದೊಂದು ಮನೆಯಲ್ಲಿದ್ದಾಳೆ. ಅವಳ ಬೆಕ್ಕು ಪುಟ್ಟಿ ಹೊಸ ಸೋಫಾದ ಎರಡು ಕೈಗಳನ್ನೂ ನೂಲು ನೂಲಾಗಿ ಬಿಚ್ಚಿಟ್ಟಿತ್ತು. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದ ಅವಳ ಮಗ, ಅಲ್ಲಿ ಉಗುರು ತೆಗೆಸುವುದು ಮಾಮೂಲು, ಸಂತಾನಹರಣದ ಶಸ್ತ್ರಚಿಕಿತ್ಸೆಯ ದಿನವೇ ಅದನ್ನೂ ಮುಗಿಸಿಬಿಡುತ್ತಾರೆ ಎಂದು ಹೇಳಿದ್ದನಂತೆ. ಮಾಡಿಸಬಹುದೇ, ಬೇಡವೇ ಎಂದು ಅವಳು ನನ್ನನ್ನು ಕೇಳಿದಳು. ನಮ್ಮ ಮನೆಯಲ್ಲಿ ಬೆಕ್ಕಿಲ್ಲದ ಕಾಲವೇ ಇಲ್ಲವಾದ್ದರಿಂದ ಇಂಥ ಪ್ರಶ್ನೆಗಳು ನನ್ನ ಬಾಗಿಲಿಗೆ ಬರುತ್ತವೆ. ಫೋನಿನಲ್ಲಿ ‘ಬೇಡ’ ಎಂದು ಒಂದೇ ಮಾತಿನಲ್ಲಿ ಹೇಳಿದೆ; ಏಕೆ ಬೇಡ, ಬೇಡವಾದರೆ ಮತ್ತೇನು ಮಾಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಉಗುರು ತೆಗೆಸುವ ಈ ಕೆಲಸಕ್ಕಿರುವ ಡಿಕ್ಲಾಯಿಂಗ್ ಎಂಬ ಇಂಗ್ಲಿಷ್ ಹೆಸರು ಕೇಳಿದವರಿಗೆ ಉಗುರನ್ನು ಬುಡಸಹಿತ ಕೀಳುವ ಒಂದು ಸಣ್ಣ ಕೆಲಸದ ಚಿತ್ರ ಕಣ್ಮುಂದೆ ಬರುತ್ತದೆ. ನಮ್ಮ ಉಗುರು ಚರ್ಮದ ಮೇಲೆ ಬೆಳೆಯುವಂಥದು. ಬಿದ್ದುಹೋದರೆ ಮತ್ತೆ ಬರುತ್ತದೆ. ಬೆಕ್ಕಿನ ಉಗುರು ಹಾಗಲ್ಲ, ಅದು ಬೆರಳಿನ ಕೊನೆಯ ಮೂಳೆಗೇ ಅಂಟಿಕೊಂಡು ಅದರಿಂದಲೇ ಬೆಳೆಯುತ್ತದೆ. ಮೂಳೆಯನ್ನು ಉಳಿಸಿ ಉಗುರನ್ನು ಮಾತ್ರ ಶಾಶ್ವತವಾಗಿ ತೆಗೆಯುವ ದಾರಿ ಇಲ್ಲ. ಆದ್ದರಿಂದ ಈ ಶಸ್ತ್ರಚಿಕಿತ್ಸೆಯಲ್ಲಿ ಪ್ರತಿ ಬೆರಳಿನ ಕೊನೆಯ ಗೆಣ್ಣನ್ನು, ಅದರ ಕೀಲಿನಲ್ಲಿ, ಸ್ನಾಯುರಜ್ಜು ನರ ರಕ್ತನಾಳಗಳ ಸಮೇತ ಕತ್ತರಿಸಿ ತೆಗೆಯುತ್ತಾರೆ. ಬೆಕ್ಕಿನ ಮುಂಗಾಲುಗಳಿಗೆ ಐದೈದು, ಹಿಂಗಾಲುಗಳಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳು. ಸಾಮಾನ್ಯವಾಗಿ ಮುಂಗಾಲುಗಳದನ್ನಷ್ಟೇ ತೆಗೆಯುವುದರಿಂದ ಒಂದೇ ಮಲಗಿಕೆಯಲ್ಲಿ 10 ಅಂಗಚ್ಛೇದಗಳು ನಡೆದಂತಾಯಿತು. ಕೆಲವರು ಇದಕ್ಕೆ ಕತ್ತರಿಯಂಥ ಉಪಕರಣ ಬಳಸುತ್ತಾರೆ, ಕೆಲವರು ಚಾಕು, ಕೆಲವರು ಲೇಸರ್. ಲೇಸರ್‌ನಲ್ಲಿ ರಕ್ತ ಕಡಿಮೆ ಸೋರುತ್ತದೆ. ಹೋಗುವ ಮೂಳೆಯಲ್ಲಿ ಮಾತ್ರ ಏನೂ ಕಡಿಮೆಯಿಲ್ಲ.

ಆ ಪುಟ್ಟ ಮೂಳೆಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದನ್ನು ತೆಗೆಸುವ ಮನಸ್ಸು ಬರುವುದು ಕಷ್ಟ. ಬೆಕ್ಕು ಆರಾಮವಾಗಿ ಮಲಗಿರುವಾಗ ಪಂಜದಲ್ಲಿ ಉಗುರೇ ಕಾಣಿಸುವುದಿಲ್ಲ, ಏಕೆಂದರೆ ಹಿಗ್ಗುವ ಗುಣವುಳ್ಳ ಅಸ್ಥಿಬಂಧಗಳು ಆ ಕೊನೆಯ ಮೂಳೆಯನ್ನು ಮೇಲಕ್ಕೆ ಮಡಿಸಿ ಹಿಡಿದಿರುತ್ತವೆ. ಬೇಕೆಂದಾಗ ಬೆರಳಿನ ಅಡಿಯ ಸ್ನಾಯುರಜ್ಜು ಬಿಗಿಯುತ್ತದೆ, ಮೂಳೆ ಮುಂದಕ್ಕೆ ತಿರುಗುತ್ತದೆ, ಉಗುರು ಹೊರಬರುತ್ತದೆ. ಬೆಕ್ಕು ನಡೆಯುವುದೂ ಬೆರಳುಗಳ ಮೇಲೆಯೇ, ನಮ್ಮಂತೆ ಇಡೀ ಅಂಗಾಲನ್ನು ಊರಿ ಅಲ್ಲ. ಆ ಬೆರಳುಗಳ ತುದಿಯೇ ಹೋದರೆ ಮೈಭಾರ ಹಿಂದಕ್ಕೆ ಸರಿಯುತ್ತದೆ, ನಡಿಗೆ ಬದಲಾಗುತ್ತದೆ, ಬದಲಾದ ನಡಿಗೆಯ ಹೊರೆಯನ್ನು ವರ್ಷಗಟ್ಟಲೆ ಹೊರಬೇಕಾದದ್ದು ಭುಜ ಮತ್ತು ಬೆನ್ನು.

2018ರಲ್ಲಿ ‘ಜರ್ನಲ್ ಆಫ್ ಫೆಲೈನ್ ಮೆಡಿಸಿನ್ ಅಂಡ್ ಸರ್ಜರಿ’ಯಲ್ಲಿ ಅಚ್ಚಾದ ಒಂದು ಅಧ್ಯಯನ ಉಗುರು ತೆಗೆಸಿದ 137 ಬೆಕ್ಕುಗಳನ್ನೂ ತೆಗೆಸದ 137 ಬೆಕ್ಕುಗಳನ್ನೂ ಹೋಲಿಸಿ ನೋಡಿತು. ತೆಗೆಸಿದವುಗಳಲ್ಲಿ ಬೆನ್ನುನೋವಿನ ಸಾಧ್ಯತೆ ಸುಮಾರು ಮೂರು ಪಟ್ಟು, ಕಚ್ಚುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚು, ಮಲಮೂತ್ರಕ್ಕೆಂದು ಇಟ್ಟ ಮರಳಿನ ಪೆಟ್ಟಿಗೆ (ಲಿಟರ್ ಬಾಕ್ಸ್) ಬಿಟ್ಟು ಬೇರೆಡೆ ಗಲೀಜು ಮಾಡುವ ಸಾಧ್ಯತೆ ಏಳು ಪಟ್ಟು ಕಂಡುಬಂತು. ಎಕ್ಸ್‌ರೇ ತೆಗೆದಾಗ ಶೇ. 63ರಷ್ಟು ಬೆಕ್ಕುಗಳ ಬೆರಳಿನಲ್ಲಿ ಕತ್ತರಿಸಿದ ಮೂಳೆಯ ಚೂರುಗಳು ಉಳಿದುಕೊಂಡಿದ್ದವು. ಶಸ್ತ್ರಚಿಕಿತ್ಸೆ ಅಚ್ಚುಕಟ್ಟಾಗಿದ್ದ ಬೆಕ್ಕುಗಳೂ ತೊಂದರೆಯಿಂದ ಪೂರ್ತಿ ಪಾರಾಗಿರಲಿಲ್ಲ. ಲಿಟರ್ ಬಾಕ್ಸ್ ಬಿಡುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ನೋಯುವ ಬೆರಳಿನಿಂದ ಹರಳುಹರಳಾದ ಮರಳನ್ನು ಕೆದಕುವುದಕ್ಕಿಂತ ಮೆತ್ತನೆಯ ಹಾಸಿಗೆ ಅದಕ್ಕೆ ಹಿತವಾಗಿ ತೋರುತ್ತದೆ. ಸೋಫಾದ ಬಟ್ಟೆಯನ್ನು ಉಳಿಸಿಕೊಳ್ಳಲು ಹೊರಟವರು ಹಾಸಿಗೆಯ ಮೇಲೆ ಬೆಕ್ಕಿನ ಮೂತ್ರದ ವಾಸನೆಯನ್ನು ಬರಮಾಡಿಕೊಂಡಂತೆ ಆಗುವ ಈ ವ್ಯಾಪಾರದಲ್ಲಿ, ಬೆಕ್ಕಿನ ನೋವನ್ನು ಪಕ್ಕಕ್ಕಿಟ್ಟು ಬರೀ ಲೆಕ್ಕ ಹಾಕಿದರೂ ಲಾಭ ಕಾಣುವುದಿಲ್ಲ.

ಮೂಳೆ ತೆಗೆಯದೆ, ಉಗುರನ್ನು ಹೊರಚಾಚುವ ಸ್ನಾಯುರಜ್ಜನ್ನು ಮಾತ್ರ ಕತ್ತರಿಸುವ ಇನ್ನೊಂದು ವಿಧಾನವೂ ಇದೆ. ಇದು ಸೌಮ್ಯವಾದದ್ದೆಂದು ಕೆಲವರು ಹೇಳುತ್ತಾರೆ. ಉಗುರು ಅಲ್ಲಿಯೇ ಉಳಿಯುತ್ತದೆ, ಬೆಳೆಯುತ್ತಲೂ ಇರುತ್ತದೆ. ಬೆಕ್ಕಿಗೆ ಅದನ್ನು ಚಾಚಿ ಸವೆಸಲು ಆಗುವುದಿಲ್ಲ. ಹಾಗಾಗಿ ಜೀವಮಾನವಿಡೀ ನಾವೇ ಕತ್ತರಿಸುತ್ತಿರಬೇಕು. ಹೇಗೂ ಕತ್ತರಿಸುವುದೇ ಆದರೆ ರಜ್ಜನ್ನು ಏಕೆ ಕತ್ತರಿಸಬೇಕಿತ್ತು ಎಂಬ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಉಗುರಿನ ಬುಡದಲ್ಲಿ ಗೆಡ್ಡೆ ಬೆಳೆದಾಗಲೋ, ವಾಸಿಯಾಗದ ಸೋಂಕು ತಗುಲಿದಾಗಲೋ, ಗೇಟಿಗೆ ಸಿಕ್ಕಿ ಬೆರಳು ಜಜ್ಜಿದಾಗಲೋ ಆ ಒಂದು ಬೆರಳಿನ ತುದಿಯನ್ನು ತೆಗೆಯಬೇಕಾಗಬಹುದು. ಅದು ಬೆಕ್ಕಿನ ಒಳಿತಿಗಾಗಿ ಮಾಡುವ ಚಿಕಿತ್ಸೆ; ಈ ಬರಹದ ತಕರಾರು ಅದರ ಮೇಲಲ್ಲ.

ಅಮೆರಿಕದಲ್ಲಿ ಮಾಮೂಲು ಎಂಬ ಹುಡುಗನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಹಳೆಯದಾಗುತ್ತಿದೆ. ಅಲ್ಲಿನ ನಗರಗಳ ಪೈಕಿ ಕ್ಯಾಲಿಫೋರ್ನಿಯಾದ ವೆಸ್ಟ್ ಹಾಲಿವುಡ್ 2003ರಲ್ಲಿಯೇ ಇದನ್ನು ನಿಷೇಧಿಸಿತು. ರಾಜ್ಯಗಳಲ್ಲಿ ಮೊದಲನೆಯದಾಗಿ ನ್ಯೂಯಾರ್ಕ್ 2019ರಲ್ಲಿ, ಆಮೇಲೆ ಮೇರಿಲ್ಯಾಂಡ್ 2022ರಲ್ಲಿ ನಿಷೇಧ ತಂದವು. ಅಮೆರಿಕದ ಪಶುವೈದ್ಯರ ಸಂಘವೇ 2020ರಲ್ಲಿ ತನ್ನ ನಿಲುವನ್ನು ಪರಿಷ್ಕರಿಸಿ ಇದನ್ನು ಪ್ರೋತ್ಸಾಹಿಸುವುದಿಲ್ಲವೆಂದು ಹೇಳಿತು. ಯುರೋಪಿನಲ್ಲಿ ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ಆದ ಒಡಂಬಡಿಕೆ ಬಾಲ ಕತ್ತರಿಸುವುದು, ಕಿವಿ ಕತ್ತರಿಸುವುದು, ಗಂಟಲ ದನಿ ತೆಗೆಯುವುದು ಇವುಗಳ ಸಾಲಿನಲ್ಲೇ ಉಗುರು ತೆಗೆಯುವುದನ್ನೂ ಇಟ್ಟಿದೆ. ನನಗೆ ಹೆಚ್ಚು ಸೋಜಿಗವೆನಿಸಿದ್ದು ಮಾತ್ರ ಬೇರೆ: ಅಮೆರಿಕದ ಕೃಷಿ ಇಲಾಖೆ 2006ರಲ್ಲಿಯೇ ಪ್ರದರ್ಶನಕ್ಕೆಂದು ಹುಲಿ ಸಿಂಹಗಳನ್ನು ಸಾಕುವ ಪರವಾನಗಿದಾರರಿಗೆ, ರೋಗದ ಕಾರಣವಿಲ್ಲದೆ ಅವುಗಳ ಉಗುರು ತೆಗೆಸಕೂಡದೆಂದು ಹೇಳಿತ್ತು. ನಿಜವಾಗಿ ಮನುಷ್ಯನನ್ನು ಸೀಳಬಲ್ಲ ಪ್ರಾಣಿಗೆ ಸಿಕ್ಕ ಈ ರಿಯಾಯಿತಿ, ಸೋಫಾ ಸೀಳುವ ಪ್ರಾಣಿಗೆ ಅಂದು ಸಿಗಲಿಲ್ಲ.

ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ವಿಧಿ ಪ್ರಾಣಿಯ ಅಂಗವನ್ನು ಊನಗೊಳಿಸುವುದನ್ನು ಅಪರಾಧಗಳ ಪಟ್ಟಿಯಲ್ಲಿ ಸೇರಿಸಿದೆ. ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ಇವನ್ನು ನಿಗದಿತ ಕ್ರಮದಲ್ಲಿ ಮಾಡಿದರೆ ಅದೇ ವಿಧಿ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿಗಳ ಸಾಲಿನಲ್ಲಿ ಬೆಕ್ಕಿನ ಉಗುರಿನ ಮಾತಿಲ್ಲ. ಮೊದಲ ಸಲ ತಪ್ಪು ಮಾಡಿದವರಿಗೆ ಆ ಕಾಯ್ದೆಯಲ್ಲಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ, ಅಂದರೆ ಇಂದಿನ ಬೆಲೆಯಲ್ಲಿ ಒಂದು ಮಸಾಲೆದೋಸೆಗೂ ಸಾಲದ ಮೊತ್ತ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕಗಳ ಗದ್ದಲ ಎದ್ದಾಗ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಡವೆ ಪೆಟ್ಟಿಗೆಗಳ ತಳ ತಡಕಾಡಿದ್ದು ನೆನಪಿದೆ. ಸತ್ತ ಹುಲಿಯ ಉಗುರಿಗೆ ಇರುವ ಕಾನೂನಿನ ಕಾವಲು ಬದುಕಿರುವ ಬೆಕ್ಕಿನ ಉಗುರಿಗೆ ಇಲ್ಲ. ಪುಣ್ಯಕ್ಕೆ, ಕಾನೂನಿಗಿಂತ ಮೊದಲು ನಮ್ಮ ಪಶುವೈದ್ಯರ ಮನಸ್ಸೇ ಅಡ್ಡ ಬರುತ್ತದೆ. ತಂಗಿ ವಿಚಾರಿಸಿದ ವೈದ್ಯರು, ಇದನ್ನು ನಾನು ಮಾಡುವುದಿಲ್ಲ, ಮಾಡಿಸಬೇಡಿ ಎಂದು ಹೇಳಿ, ಉಗುರು ಕತ್ತರಿಸುವುದನ್ನು ಕಲಿಸಿಕೊಡುತ್ತೇನೆ ಬನ್ನಿ ಎಂದರಂತೆ.

ಇನ್ನೊಂದು ಕಡೆಯ ವಾದವನ್ನು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ. ತಂಗಿಯ ಅತ್ತೆಗೆ ಎಂಬತ್ತರ ಆಸುಪಾಸು. ಸಕ್ಕರೆ ಕಾಯಿಲೆ ಇದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಮುಂಗೈಯ ಚರ್ಮ ಹಳೆಯ ಧೋತರದಷ್ಟು ತೆಳು. ಬೆಕ್ಕು ಮಡಿಲಿನಿಂದ ಜಿಗಿಯುವಾಗ ಹಿಂಗಾಲಿನ ಉಗುರು ತಾಗಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಸೋಫಾಗಿಂತ ಈ ಕೈ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಗೀರು ಆಗುವುದು ಹೆಚ್ಚಾಗಿ ಹಿಂಗಾಲಿನಿಂದ, ತೆಗೆಸುವುದು ಮುಂಗಾಲಿನದು. ಜೊತೆಗೆ, ಉಗುರು ಕಳೆದುಕೊಂಡ ಬೆಕ್ಕು ಹೆದರಿದಾಗ ಬಾಯಿ ಹಾಕುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಸೋಂಕನ್ನು ಒಳಗೇ ಬಿಟ್ಟು ಬರುವುದರಿಂದ, ಸಕ್ಕರೆ ಕಾಯಿಲೆಯವರಿಗೆ ಗೀರಿಗಿಂತ ಕಚ್ಚಿದ ಗಾಯ ಹೆಚ್ಚು ಅಪಾಯಕಾರಿ. ರೋಗನಿರೋಧಕ ಶಕ್ತಿ ತೀರ ಕುಗ್ಗಿದ ರೋಗಿಗಳಿಗಾಗಿ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೊರತಂದ ಮಾರ್ಗಸೂಚಿಗಳು ಕೂಡ ಬೆಕ್ಕಿನ ಉಗುರು ತೆಗೆಸಲು ಸಾಮಾನ್ಯವಾಗಿ ಸಲಹೆ ಕೊಡುವುದಿಲ್ಲ. ಒರಟು ಆಟ ಬಿಡಿ, ಚಿಗಟ ನಿವಾರಿಸಿ ಎನ್ನುತ್ತವೆ. ಬೆಕ್ಕಿನ ಗೀರಿನಿಂದ ಬರುವ ಜ್ವರಕ್ಕೆ ಕಾರಣವಾದ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟಗಳ ಮೂಲಕ. ಉಗುರಿನ ಸಂದಿಗೆ ಸೇರುವುದು ಚಿಗಟದ ಹಿಕ್ಕೆ. ಚಿಗಟದ ಔಷಧಿ ತಿಂಗಳಿಗೊಮ್ಮೆ ಬೆಕ್ಕಿನ ಕುತ್ತಿಗೆಯ ಹಿಂದೆ ಬಿದ್ದರೆ ಆ ಭಯದ ದೊಡ್ಡ ಪಾಲು ಕಳೆಯುತ್ತದೆ.

ರೇಬೀಸ್ ವಿಷಯ ಬೇರೆಯೇ. ನಮ್ಮ ದೇಶದಲ್ಲಿ ಬೆಕ್ಕಿನ ಗೀರನ್ನು ಉದಾಸೀನ ಮಾಡುವಂತಿಲ್ಲ. ರಕ್ತ ಬಾರದ ಸಣ್ಣ ಗೀರನ್ನು ವಿಶ್ವ ಆರೋಗ್ಯ ಸಂಸ್ಥೆ ಎರಡನೆಯ ವರ್ಗದಲ್ಲಿಯೂ, ಚರ್ಮ ಹರಿದು ರಕ್ತ ಬಂದದ್ದನ್ನು ಮೂರನೆಯ ವರ್ಗದಲ್ಲಿಯೂ ಇಡುತ್ತದೆ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ಲಸಿಕೆಯ ವಿಷಯ ವಿಚಾರಿಸಬೇಕು. ನಮ್ಮ ಕಡೆಯವರು ಗಾಯ ಕಂಡೊಡನೆ ಕಾಫಿಪುಡಿ ಒತ್ತುತ್ತಾರೆ. ಅದೂ ಬೇಡ, ಸುಣ್ಣ ಅರಿಸಿನವೂ ಬೇಡ. ಮನೆಯ ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಅದನ್ನು ಮುಂದುವರಿಸುವುದು ಉಗುರಿನ ಚರ್ಚೆಗೂ ಮೊದಲು ಆಗಬೇಕಾದ ಕೆಲಸ.

ಹಾಗಾದರೆ ಬೆಕ್ಕು ಪರಚುವುದಾದರೂ ಏಕೆ? ಹಗೆಯಿಂದಲ್ಲ, ಯಜಮಾನಿ ಬೈದದ್ದಕ್ಕೆ ಸೇಡಾಗಿಯೂ ಅಲ್ಲ. ಭದ್ರಾ ಹುಲಿ ಮೀಸಲು ಪ್ರದೇಶದ ಕಾಡಿನಲ್ಲಿ ಹುಲಿ ಮರದ ಕಾಂಡದ ಮೇಲೆ ಎತ್ತರಕ್ಕೆ ಬಿಟ್ಟ ಉಗುರಿನ ಗೀರುಗಳಿಗೂ ಪುಟ್ಟಿ ಸೋಫಾದ ಕೈಯಲ್ಲಿ ಬಿಟ್ಟ ಗೀರುಗಳಿಗೂ ಹಿಂದಿರುವ ಪ್ರೇರಣೆ ಒಂದೇ. ಗೀರು ಕಣ್ಣಿಗೆ ಕಾಣುವ ಗುರುತು. ಬೆರಳುಗಳ ನಡುವಿನ ಗ್ರಂಥಿಗಳಿಂದ ಒಸರುವ ವಾಸನೆ ನಮ್ಮ ಮೂಗಿಗೆ ಸಿಗದ ಇನ್ನೊಂದು ಗುರುತು. ಇದು ನನ್ನ ಜಾಗ ಎಂದು ಬೆಕ್ಕು ಎರಡು ಬಗೆಯಲ್ಲಿ ಬರೆದಿಡುತ್ತದೆ. ನಿದ್ದೆಯಿಂದ ಎದ್ದ ಬೆಕ್ಕು ಮೊದಲು ಮಾಡುವ ಕೆಲಸವೂ ಇದೇ: ಉಗುರನ್ನು ಎಲ್ಲಿಯಾದರೂ ನೆಟ್ಟು, ಹಿಂದಕ್ಕೆ ಜಗ್ಗಿ, ಭುಜದಿಂದ ಬೆನ್ನಿನ ಕೊನೆಯವರೆಗೆ ಮೈ ಮುರಿಯುತ್ತದೆ. ಇಷ್ಟರ ಜೊತೆಗೆ ಉಗುರಿನ ಆರೈಕೆಯೂ ಇದೆ. ಬೆಕ್ಕು ಸದಾ ಪರಚುವ ಜಾಗದ ಕೆಳಗೆ ಬೆಳಗಿನ ಓರೆ ಬೆಳಕಿನಲ್ಲಿ ಬಗ್ಗಿ ನೋಡಿದರೆ, ಅರ್ಧಚಂದ್ರಾಕಾರದ, ಅರೆಪಾರದರ್ಶಕವಾದ, ಒಳಗೆ ಟೊಳ್ಳಾದ ಸಣ್ಣ ಚಿಪ್ಪೊಂದು ಬಿದ್ದಿರುತ್ತದೆ. ಉಗುರೇ ಕಿತ್ತುಬಂತೆಂದು ಗಾಬರಿಯಾಗಿ ನನಗೆ ಫೋಟೊ ಕಳಿಸಿದವರಿದ್ದಾರೆ. ಅದು ಸವೆದು ಹೋದ ಹೊರಕವಚ ಮಾತ್ರ. ಅದರ ಅಡಿಯಿಂದ ಚೂಪಾದ ಹೊಸ ಪದರ ಆಗಲೇ ಹೊರಬಂದಿರುತ್ತದೆ. ಪರಚದಿದ್ದರೆ ಈ ಕವಚ ಸರಿಯಾಗಿ ಕಳಚುವುದಿಲ್ಲ.

ಬೆಕ್ಕಿಗೆ ಪರಚಬೇಡ ಎನ್ನುವುದು ಸಾಧ್ಯವಿಲ್ಲದ ಮೇಲೆ ಉಳಿದದ್ದು ಎಲ್ಲಿ ಪರಚಬೇಕೆಂಬ ಪ್ರಶ್ನೆ. ಪೇಟೆಯಲ್ಲಿ ಸಿಗುವ ಪುಟ್ಟ ಪರಚುಗಂಬಗಳು ನೋಡಲು ಚೆಂದ, ಬಳಕೆಗೆ ಸಾಲವು. ತಂಗಿಯೂ ಅಂಥದೊಂದನ್ನು ತರಿಸಿ, ಬೆಕ್ಕು ಮೂಸಿಯೂ ನೋಡಲಿಲ್ಲವೆಂದು ಮೂಲೆಗೆಸೆದಿದ್ದಳು. ಮೊಳದುದ್ದದ ಕಂಬಕ್ಕೆ ಬೆಕ್ಕು ಮೈ ಚಾಚಿ ನಿಲ್ಲಲಾಗುವುದಿಲ್ಲ. ಅದು ಹಿಂಗಾಲಿನ ಮೇಲೆ ನಿಂತು ಪೂರ್ತಿ ಚಾಚಿಕೊಳ್ಳಬೇಕಾದರೆ ಎತ್ತರ ಮೂರಡಿಗೆ ಕಡಿಮೆ ಇರಬಾರದು. ಅದಕ್ಕಿಂತ ಮುಖ್ಯವಾದದ್ದು ಅಲುಗದಿರುವುದು. ಒಂದು ಸಲ ಕಂಬ ವಾಲಿ ಮೈಮೇಲೆ ಬಿದ್ದರೆ ಬೆಕ್ಕು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಸೋಫಾ ಗೆಲ್ಲುವುದು ಈ ಗುಣದಲ್ಲಿಯೇ: ಅದು ಭಾರವಾಗಿದೆ, ಜಗ್ಗಿದರೆ ಮಿಸುಕುವುದಿಲ್ಲ, ಎಲ್ಲರೂ ಓಡಾಡುವ ಜಾಗದ ನಡುವೆ ಇದೆ.

ಕಾಫಿ ಸೀಮೆಯವರಿಗೆ ಒಳ್ಳೆಯ ಕಂಬ ಮಾಡಿಕೊಳ್ಳುವುದು ಕಷ್ಟದ ಕೆಲಸವೇ ಅಲ್ಲ. ತೋಟದಲ್ಲಿ ನೆರಳು ಬಿಡಿಸಿದಾಗ ಸಿಲ್ವರ್ ಓಕ್ ತುಂಡುಗಳು ಬೇಕಾದಷ್ಟು ಬೀಳುತ್ತವೆ. ತೊಡೆಯ ದಪ್ಪದ ಒಂದು ತುಂಡನ್ನು ಮಳೆಗಾಲ ಕಳೆದ ಮೇಲೆ ಚೆನ್ನಾಗಿ ಒಣಗಿಸಿ, ಅಗಲವಾದ ಹಲಗೆಯ ಮೇಲೆ ಕೆಳಗಿನಿಂದ ಉದ್ದದ ಸ್ಕ್ರೂ ಹಾಕಿ ಬಿಗಿದು ನಿಲ್ಲಿಸಿ, ಹಲಗೆಯ ಮೇಲೆ ಒಂದು ಚಪ್ಪಡಿಕಲ್ಲು ಹೇರಿದರೆ ನಾಯಿ ಗುದ್ದಿದರೂ ಅಲುಗುವುದಿಲ್ಲ. ಅದರ ಮೇಲೆ ಹುರಿ ಸುತ್ತಬೇಕು. ಪೇಟೆಯ ಕಂಬಗಳಿಗೆ ಸುತ್ತುವ ಸೀಸಲ್ ಹುರಿ ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಬೆಳೆಯುವ ಕತ್ತಾಳೆಯ ಬಳಗದ್ದೇ ನಾರು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ತೆಂಗಿನ ನಾರಿನ ಹಗ್ಗವೂ ಆದೀತು. ಸುತ್ತುಗಳ ನಡುವೆ ಸಂದಿಲ್ಲದಂತೆ ಬಿಗಿಯಾಗಿ ಸುತ್ತಿ, ತುದಿಗಳನ್ನು ಮಾತ್ರ ಮೊಳೆಯಿಂದ ಮರೆಯಾಗಿ ಹೊಡೆಯಬೇಕು. ಹುರಿ ಎದ್ದು ಜೂಲು ಜೂಲಾದಾಗ ಹೊಸದು ಸುತ್ತಲು ಆತುರಪಡಬಾರದು. ನಮಗೆ ಹಾಳಾಗಿ ಕಂಡ ಹೊತ್ತಿಗೇ ಅದು ಬೆಕ್ಕಿಗೆ ಹದವಾಗಿರುತ್ತದೆ.

ಕೆಲವು ಬೆಕ್ಕುಗಳಿಗೆ ನಿಲುವಾದ ಕಂಬ ರುಚಿಸುವುದಿಲ್ಲ, ನೆಲದ ಮೇಲಿನ ಕಾಲೊರಸನ್ನು ಪರಚುತ್ತವೆ. ಅಂಥವಕ್ಕೆ ಹಳೆಯ ಗೋಣಿಚೀಲವನ್ನು ಹಲಗೆಗೆ ಬಿಗಿದು ನೆಲದಲ್ಲಿಟ್ಟರೆ ಸಾಕು. ಗೊಬ್ಬರವನ್ನೋ ಕೀಟನಾಶಕವನ್ನೋ ಮುಟ್ಟಿದ ಚೀಲ ಮಾತ್ರ ಕೂಡದು, ಏಕೆಂದರೆ ಪರಚಿದ ಪಂಜವನ್ನು ಬೆಕ್ಕು ಮರುಗಳಿಗೆಯಲ್ಲಿಯೇ ನೆಕ್ಕುತ್ತದೆ.

ಕಂಬವನ್ನು ಎಲ್ಲಿಡಬೇಕೆಂಬುದರಲ್ಲಿ ಮನೆಯವರಿಗೂ ಬೆಕ್ಕಿಗೂ ಜಗಳ. ಮನೆಯವರು ಅದನ್ನು ಬಟ್ಟೆ ಒಗೆಯುವ ಕಡೆ, ಕಣ್ಣಿಗೆ ಬೀಳದ ಜಾಗದಲ್ಲಿ ಇಡಬಯಸುತ್ತಾರೆ. ಬೆಕ್ಕಿಗೆ ತನ್ನ ಗುರುತು ನಾಲ್ಕು ಜನ ಓಡಾಡುವಲ್ಲಿ ಬೇಕು. ಆದ್ದರಿಂದ ಮೊದಲು ಕಂಬವನ್ನು ಹಾಳಾದ ಸೋಫಾದ ಕೈಗೆ ಅಂಟಿಸಿದಂತೆಯೇ ನಿಲ್ಲಿಸಬೇಕು, ಸೋಫಾದ ಕೈಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಎರಡೂ ಬದಿ ಅಂಟುವ ಟೇಪನ್ನೋ ಹೊದಿಸಬೇಕು. ಪಂಜಕ್ಕೆ ಅಂಟುವ ಮೇಲ್ಮೈ ಬೆಕ್ಕಿಗೆ ಹಿಡಿಸದು. ಕಂಬ ಪರಚಿದ ಕೂಡಲೇ ಒಂದು ಚೂರು ಬೇಯಿಸಿದ ಮೀನೋ ಕೋಳಿಯೋ ಕೊಡಬೇಕು. ಅಭ್ಯಾಸ ಗಟ್ಟಿಯಾದ ಮೇಲೆ ದಿನಕ್ಕೆ ಗೇಣಿನಷ್ಟು ಕಂಬವನ್ನು ಬೇಕಾದ ಕಡೆಗೆ ಸರಿಸಿಕೊಂಡು ಹೋಗಬಹುದು. ನಮ್ಮ ಹಿತ್ತಲುಗಳಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರಿನ ವಾಸನೆಗೆ ಅನೇಕ ಬೆಕ್ಕುಗಳು ಮರುಳಾಗುತ್ತವೆ. ತೊಳೆದ ಬೇರನ್ನು ಹುರಿಗೆ ಒಂದೆರಡು ಸಲ ಉಜ್ಜಿದರೆ ಕಂಬದ ಪರಿಚಯ ಬೇಗ ಆಗುತ್ತದೆ. ಬೇರನ್ನು ತಿನ್ನಲು ಕೊಡಬೇಕಾಗಿಲ್ಲ.

ಹೊಡೆಯುವುದು, ನೀರೆರಚುವುದು, ಪಂಜ ಹಿಡಿದು ಬಲವಂತವಾಗಿ ಕಂಬಕ್ಕೆ ಉಜ್ಜುವುದು, ಇವುಗಳಿಂದ ಬೆಕ್ಕು ಕಲಿಯುವುದು ನೀವು ಇರುವಾಗ ಪರಚಬಾರದು ಎಂಬುದನ್ನಷ್ಟೇ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಸೋಫಾದ ಹತ್ತಿರ ಬರದಂತೆ ನೀಲಗಿರಿ ಎಣ್ಣೆ ಸಿಂಪಡಿಸಿ, ಕರ್ಪೂರ ಇಡಿ, ನುಸಿಗುಳಿಗೆ ಇಡಿ ಎಂದು ಸಲಹೆ ಕೊಡುವವರು ಬೀದಿಗೊಬ್ಬರಿದ್ದಾರೆ. ನೀಲಗಿರಿ ಎಣ್ಣೆಯ ಸೀಸೆ ಇಲ್ಲದ ಮನೆಯೇ ಮಲೆನಾಡಿನಲ್ಲಿಲ್ಲ, ನೆಗಡಿಗೆ ಅದೇ ನಮ್ಮ ಮೊದಲ ಮದ್ದು. ಆದರೆ ನಮ್ಮ ಯಕೃತ್ತು ಸುಲಭವಾಗಿ ಪರಿಹರಿಸುವ ಇಂಥ ಎಷ್ಟೋ ರಾಸಾಯನಿಕಗಳನ್ನು ಪರಿಹರಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಮೈಗೆ ತಾಗಿದ ಎಣ್ಣೆಯನ್ನು ನೆಕ್ಕಿ ಅದು ವಿಷವಾಗಬಹುದು. ಸೋಫಾ ಹೋದರೆ ಹೋಗಲಿ, ಆ ಸೀಸೆಗೆ ಕೈ ಹಾಕಬೇಡಿ.

ಉಗುರಿಗೆ ತೊಡಿಸುವ ಪ್ಲಾಸ್ಟಿಕ್ ಟೋಪಿಗಳೂ ಸಿಗುತ್ತವೆ. ಅಂಟು ಹಾಕಿ ತೊಡಿಸಿದರೆ ನಾಲ್ಕರಿಂದ ಆರು ವಾರ ನಿಂತು, ಹೊರಕವಚದೊಂದಿಗೆ ಉದುರುತ್ತವೆ. ಶಾಂತ ಸ್ವಭಾವದ, ಮನೆಯೊಳಗೇ ಇರುವ ಬೆಕ್ಕಿಗೆ, ಮನೆಯಲ್ಲಿ ತಂಗಿಯ ಅತ್ತೆಯಂಥ ಹಿರಿಯರಿದ್ದಾಗ ಇವು ಉಪಯೋಗಕ್ಕೆ ಬರಬಹುದು. ನನಗೆ ಅವು ಅಷ್ಟಾಗಿ ಹಿಡಿಸಲಿಲ್ಲ. ಹೊರಗೆ ತಿರುಗುವ ಬೆಕ್ಕಿಗಂತೂ ನಾಯಿ ಅಟ್ಟಿದಾಗ ಮರ ಹತ್ತಲು ಬಿಡುವುದಿಲ್ಲ.

ಎಲ್ಲಕ್ಕಿಂತ ಫಲ ಕೊಡುವುದು ಎರಡು ಮೂರು ವಾರಗಳಿಗೊಮ್ಮೆ ಉಗುರಿನ ತುದಿ ಕತ್ತರಿಸುವುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ಒಪ್ಪುವ ಸಂದರ್ಭ ಇನ್ನೊಂದಿಲ್ಲ. ಬೆಕ್ಕು ಊಟ ಮಾಡಿ ತೂಕಡಿಸುವ ಹೊತ್ತು, ಕಿಟಕಿಯ ಬೆಳಕು ಬೀಳುವ ಜಾಗ ಇದಕ್ಕೆ ಒಳ್ಳೆಯದು. ಪಂಜವನ್ನು ಕೈಗೆ ತೆಗೆದುಕೊಂಡು, ಒಂದು ಬೆರಳಿನ ಅಡಿಯ ಮೆತ್ತೆಗೆ ತೋರುಬೆರಳನ್ನೂ ಮೇಲಿನ ಗೆಣ್ಣಿಗೆ ಹೆಬ್ಬೆರಳನ್ನೂ ಇಟ್ಟು ಮೆಲ್ಲಗೆ ಒತ್ತಿದರೆ ಉಗುರು ತಾನಾಗಿ ಹೊರಗೆ ಜಾರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಗಾಜಿನಂಥ ಉಗುರಿನ ಒಳಗೆ ಬುಡದಿಂದ ಅರ್ಧದಷ್ಟು ದೂರ ಗುಲಾಬಿ ಬಣ್ಣದ ತಿರುಳು ಕಾಣುತ್ತದೆ. ರಕ್ತನಾಳವೂ ನರವೂ ಇರುವುದು ಅಲ್ಲಿಯೇ. ಆ ಗುಲಾಬಿ ಬಣ್ಣ ಮುಗಿದು ಒಂದೆರಡು ಮಿಲಿಮೀಟರ್ ಬಿಟ್ಟು, ಕೊಕ್ಕೆಯಂತೆ ಬಾಗಿದ ತುದಿಯನ್ನು ಮಾತ್ರ ಕತ್ತರಿಸಬೇಕು. ಬೆಕ್ಕಿನ ಉಗುರಿಗೆಂದೇ ಮಾಡಿದ ಸಣ್ಣ ಕತ್ತರಿ ಸಿಕ್ಕರೆ ಉತ್ತಮ; ನಮ್ಮ ನೇಲ್‌ಕಟರ್ ಬಳಸಿದರೆ ಉಗುರು ಸೀಳಬಹುದು. ಅಕಸ್ಮಾತ್ ತಿರುಳಿಗೆ ತಾಗಿ ರಕ್ತ ಬಂದರೆ ಕ್ಷೌರಿಕರು ಗಡ್ಡ ಕೆರೆದ ಮೇಲೆ ಸವರುವ ಪಟಿಕದ ತುಣುಕನ್ನು ಒದ್ದೆ ಮಾಡಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಒಂದೇ ಕೂರಿಕೆಯಲ್ಲಿ ಎಲ್ಲ ಬೆರಳುಗಳನ್ನೂ ಮುಗಿಸುವ ಹಟ ಬೇಡ. ಮೊದಲು ಕೆಲವು ದಿನ ಪಂಜವನ್ನು ಹಿಡಿದು ಒತ್ತಿ ಬಿಡುವುದು, ಆಮೇಲೆ ದಿನಕ್ಕೊಂದು ಉಗುರು, ಬೆಕ್ಕು ಕಾಲೆಳೆದುಕೊಂಡರೆ ಅಂದಿನ ಮಟ್ಟಿಗೆ ಬಿಟ್ಟುಬಿಡುವುದು. ಮರಿಯಾಗಿದ್ದಾಗ ರೂಢಿಯಾದ ಬೆಕ್ಕು ದೊಡ್ಡದಾದ ಮೇಲೆ ಗುರುಗುಟ್ಟುತ್ತಲೇ ಕತ್ತರಿಸಿಕೊಳ್ಳುತ್ತದೆ. ಹೊರಗೆ ಹೋಗುವ ಬೆಕ್ಕಾದರೆ ಹಿಂಗಾಲಿನ ಉಗುರುಗಳನ್ನು ಮುಟ್ಟದಿರುವುದು ಕ್ಷೇಮ.

ಈಗ ತಂಗಿಯ ಮನೆಯಲ್ಲಿ ಸೋಫಾದ ಪಕ್ಕದಲ್ಲಿ ಸಿಲ್ವರ್ ಓಕ್ ಕಂಬ ನಿಂತಿದೆ. ಪುಟ್ಟಿಯ ಪರಚಾಟ ಹೆಚ್ಚಿನ ಪಾಲು ಅಲ್ಲಿಗೆ ಬಂದಿದೆ, ಪೂರ್ತಿಯಾಗಿ ಅಲ್ಲ. ಸೋಫಾದ ಹಿಂಬದಿಯ ಒಂದು ಮೂಲೆಯನ್ನು ಅದು ಬಿಟ್ಟುಕೊಟ್ಟಿಲ್ಲ. ಆ ಮೂಲೆಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಾರೆ. ಅತ್ತೆ ಬೆಕ್ಕನ್ನು ಮಡಿಲಿಗೆ ಕರೆಯುವ ಮುನ್ನ ತೊಡೆಯ ಮೇಲೆ ಮಡಿಸಿದ ಕಂಬಳಿ ಹಾಕಿಕೊಳ್ಳುತ್ತಾರೆ, ಪೂರ್ಣ ತೋಳಿನ ಸ್ವೆಟರ್ ತೊಡುತ್ತಾರೆ. ನಮ್ಮೂರಿನ ಚಳಿಗೆ ಅದು ಹೇಗೂ ಬೇಕಾದದ್ದೇ. ಸೋಫಾದ ಕೈಗಳಿಗೆ ದಪ್ಪ ನೇಯ್ಗೆಯ ಬದಲು ಎಳೆ ಏಳದ ವೆಲ್ವೆಟ್‌ನಂಥ ಬಟ್ಟೆ ಹೊದಿಸಲು ಹೇಳಿದ್ದೇನೆ, ಉಗುರು ಸಿಕ್ಕಿಕೊಳ್ಳದ ಬಟ್ಟೆಯಲ್ಲಿ ಬೆಕ್ಕಿಗೆ ಸುಖವಿಲ್ಲ.

ಬೆಕ್ಕಿಗೆ ಹತ್ತು ವರ್ಷ ದಾಟಿದ ಮನೆಗಳವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮುದಿ ಬೆಕ್ಕು ಕೀಲುನೋವಿನಿಂದ ಪರಚುವುದನ್ನು ಕಡಿಮೆ ಮಾಡುತ್ತದೆ. ಸೋಫಾ ಉಳಿಯಿತೆಂದು ಮನೆಯವರು ಸಂತೋಷಪಡುತ್ತಿರುವಾಗ ಅದರ ಹೊರಕವಚಗಳು ಕಳಚದೆ ಒಂದರ ಮೇಲೊಂದು ಕೂತು ಉಗುರು ದಪ್ಪವಾಗಿ, ಸುತ್ತಿಕೊಂಡು, ಕೊನೆಗೆ ಬೆರಳಿನ ಮೆತ್ತೆಗೇ ಚುಚ್ಚಿಕೊಳ್ಳುತ್ತದೆ. ನೆಲಕ್ಕೆ ತಾಗದ, ಮುಂಗಾಲಿನ ಒಳಬದಿಯ ಹೆಬ್ಬೆರಳಿನಲ್ಲಿ ಇದು ಹೆಚ್ಚು; ಕೂದಲು ಮುಚ್ಚಿರುವುದರಿಂದ ಕಾಣುವುದಿಲ್ಲ, ಕುಂಟುವವರೆಗೆ ಯಾರಿಗೂ ತಿಳಿಯುವುದಿಲ್ಲ. ಹಾಗೆ ಚುಚ್ಚಿಕೊಂಡ ಉಗುರನ್ನು ಮನೆಯಲ್ಲಿ ಎಳೆಯಲು ಹೋಗದೆ ಪಶುವೈದ್ಯರಿಂದ ತೆಗೆಸಿ ಗಾಯಕ್ಕೆ ಔಷಧಿ ಹಾಕಿಸಬೇಕು, ಕೀಲುನೋವಿಗೂ ಅವರಲ್ಲಿಯೇ ಕೇಳಬೇಕು. ಮನುಷ್ಯರ ನೋವಿನ ಮಾತ್ರೆ, ಅದರಲ್ಲೂ ಪ್ಯಾರಾಸಿಟಮಾಲ್, ಬೆಕ್ಕಿಗೆ ಪ್ರಾಣಾಂತಿಕ. ಗಾಯ ಮಾಗಿದ ಮೇಲೆ ಆ ಹೆಬ್ಬೆರಳನ್ನು ವಾರಕ್ಕೊಮ್ಮೆ ಕೂದಲು ಸರಿಸಿ ನೋಡುತ್ತಿದ್ದರೆ ಸಾಕು.